ಓದುಗರ ಪ್ರಶ್ನೆ–ಉತ್ತರ: ಬ್ರಿಟನ್ನಿನ ಹಳೇ ರೈಲು ಫೋಟೋಗಳು

ಹೋದ ಸಂಚಿಕೇಲಿ ‘ಮನೇಲಿ ಬ್ರಿಟನ್ನಿನ ಹಳೇ ರೈಲು, ಸ್ಟೇಷನ್ನು, ಇಂಜಿನ್ನಿನ ಫೋಟೋ ಇದ್ರೆ ಹಂಚ್ಕೊಳ್ಳಿ, ಅನುಮಾನ ಇದ್ರೆ ಕೇಳಿ’ ಅಂತ ಬರೆದಿದ್ವಿ. ಬಂದಿರೋ ಪತ್ರ ನೋಡಿ ನಿಜಕ್ಕೂ ಖುಷಿ ಆಯ್ತು. ಅರವತ್ತು ಎಪ್ಪತ್ತರ ದಶಕದಲ್ಲಿ ಡಾಕ್ಟರ್ ಆಗಿ ಹೋದವರು, ಓದೋಕೆ ಹೋದವರು, ಈಗ ಅಲ್ಲೇ ಇರೋ ಅವರ ಮಕ್ಕಳು, ಎಲ್ಲರ ಕಪಾಟಿನಲ್ಲೂ ಒಂದೆರಡು ರೈಲಿನ ಫೋಟೋ ಇದ್ದೇ ಇದೆ. ಎಲ್ಲದಕ್ಕೂ ಇಲ್ಲಿ ಉತ್ತರ ಕೊಡೋಕೆ ಜಾಗ ಸಾಲಲ್ಲ, ಹಲವರಿಗೆ ಉಪಯೋಗ ಆಗೋ ಅಂಥವನ್ನ ಆರಿಸಿದ್ದೀನಿ.

ಪ್ರಶ್ನೆ: ನಮಸ್ಕಾರ್ರಿ ಸರ. ನಾ ಹುಬ್ಬಳ್ಳಿ ಡೀಸೆಲ್ ಶೆಡ್ಡಿನ್ಯಾಗ ಕೆಲಸ ಮಾಡಿ ರಿಟೈರ್ ಆಗೇನಿ. ನಮ್ಮ ಸೋದರಮಾವ ಲಂಡನ್ನಿಗೆ ಓದಾಕ ಹೋಗಿದ್ರು, ಅವರು ತಂದಿದ್ದ ಒಂದು ಕಪ್ಪು-ಬಿಳುಪು ಫೋಟೋ ನನ್ನ ಹತ್ರ ಐತಿ. ದೊಡ್ಡ ಸ್ಟೀಮ್ ಇಂಜಿನ್, ನಂಬರ್ 46229, ಟೆಂಡರ್ (ಇಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ) ಮ್ಯಾಲೆ ಗಾಲಿ ಮ್ಯಾಲೆ ಸಿಂಹ ನಿಂತಂಗ ಒಂದು ಚಿತ್ರ ಐತಿ. ಹಿಂದ ಏನೂ ಬರದಿಲ್ಲ. ಇದು ಯಾವ ವರ್ಷದ್ದು ಅಂತ ಹೇಳಾಕ ಬರತೈತೇನ್ರಿ? — ಹುಬ್ಬಳ್ಳಿಯ ಓದುಗರು

ಬರುತ್ತೆ ಸರ್, ಮತ್ತೆ ನೀವು ಕೊಟ್ಟಿರೋ ಎರಡು ವಿವರದಲ್ಲೇ ಅರ್ಧ ಕೆಲಸ ಮುಗಿದಿದೆ. 1948ರ ಜನವರಿ 1ಕ್ಕೆ ಬ್ರಿಟನ್ನಿನ ನಾಲ್ಕು ದೊಡ್ಡ ರೈಲ್ವೆ ಕಂಪನಿಗಳು ಸರ್ಕಾರದ ಕೈಗೆ ಬಂದು ಬ್ರಿಟಿಷ್ ರೈಲ್ವೇಸ್ ಆಯ್ತು. ನಾಲ್ಕೂ ಕಂಪನೀಲಿ ಒಂದೇ ನಂಬರಿನ ಇಂಜಿನ್ನುಗಳು ಇದ್ದಿದ್ರಿಂದ ಗೊಂದಲ ಆಗಬಾರದು ಅಂತ ಸದರ್ನ್ ಇಂಜಿನ್ನುಗಳಿಗೆ 30000, ಎಲ್‌ಎಂಎಸ್‌ನವಕ್ಕೆ 40000, ಎಲ್‌ಎನ್‌ಇಆರ್‌ನವಕ್ಕೆ 60000 ಕೂಡಿಸಿದ್ರು, ಗ್ರೇಟ್ ವೆಸ್ಟರ್ನ್‌ನವು ಮಾತ್ರ ಹಿತ್ತಾಳೆ ಪ್ಲೇಟಿನ ಹಳೇ ನಂಬರನ್ನೇ ಉಳಿಸ್ಕೊಂಡ್ವು. ನಿಮ್ಮದು ಎಲ್‌ಎಂಎಸ್ ಕಂಪನಿಯ 6229, ಹೆಸರು ‘ಡಚೆಸ್ ಆಫ್ ಹ್ಯಾಮಿಲ್ಟನ್’, 1938ರಲ್ಲಿ ಕ್ರೂ ಅನ್ನೋ ಊರಿನ ವರ್ಕ್‌ಶಾಪಿನಲ್ಲಿ ಹುಟ್ಟಿದ ಇಂಜಿನ್. ನಂಬರ್ 46229 ಅಂತ ಇದೆ ಅಂದ್ರೆ ಫೋಟೋ 1948ಕ್ಕಿಂತ ಹಿಂದಿನದಲ್ಲ.

ಇನ್ನು ಆ ಸಿಂಹ. ಗಾಲಿ ಮೇಲೆ ಹತ್ತಿ ನಿಂತಿರೋ ಸಿಂಹದ ಗುರುತು ಬಂದಿದ್ದು 1949–50ರ ಹೊತ್ತಿಗೆ. 1956ರಲ್ಲಿ ಅದನ್ನ ಬಿಟ್ಟು, ಕಿರೀಟದೊಳಗಿಂದ ಮೇಲೆದ್ದು ಗಾಲಿಯನ್ನ ಕೈಯಲ್ಲಿ ಹಿಡಿದಿರೋ ಸಿಂಹ ತಂದ್ರು. ಆದ್ರೆ ಅದೇ ದಿನ ಎಲ್ಲಾ ಇಂಜಿನ್ನಿಗೂ ಬಣ್ಣ ಬಳೀತಾರಾ, ಇಲ್ಲ, ಓವರ್‌ಹಾಲ್‌ಗೆ ಶಾಪ್‌ಗೆ ಬಂದಾಗ ಮಾತ್ರ ಬದಲಾಗೋದು, ಶೆಡ್ಡಿನಲ್ಲಿ ದುಡಿದ ನಿಮಗೆ ಇದನ್ನ ನಾನು ಹೇಳ್ಬೇಕಾಗಿಲ್ಲ. ಹಾಗಾಗಿ ಇನ್ನೊಂದೆರಡು ವರ್ಷ ಸೇರಿಸಿ 1950ರಿಂದ 1958ರ ಒಳಗೆ ಅಂತ ಇಟ್ಕೋಬಹುದು. ಮಾವ ಲಂಡನ್ನಿನಲ್ಲಿ ಯಾವ ವರ್ಷ ಇದ್ರು ಅನ್ನೋದು ಮನೇಲಿ ಯಾರಿಗಾದ್ರೂ ನೆನಪಿದ್ರೆ ಅಲ್ಲಿಗೆ ಮುಗೀತು.

ಈಗ ಭೂತಗನ್ನಡಿ ಹಿಡಿದು ಇಂಜಿನ್ನಿನ ಮುಖ ನೋಡಿ. ಸ್ಮೋಕ್‌ಬಾಕ್ಸ್, ಅಂದ್ರೆ ಮುಂದಿನ ದುಂಡನೆ ಬಾಗಿಲಿನ ಕೆಳಭಾಗದಲ್ಲಿ ಒಂದು ಸಣ್ಣ ಮೊಟ್ಟೆಯಾಕಾರದ ಪ್ಲೇಟು ಇರುತ್ತೆ, ಅದು ಶೆಡ್ ಕೋಡ್, ಇಂಜಿನ್ ಯಾವ ಶೆಡ್ಡಿಗೆ ಸೇರಿದ್ದು ಅನ್ನೋ ಗುರುತು. 5ಎ ಅಂದ್ರೆ ಕ್ರೂ ನಾರ್ತ್, 1ಬಿ ಅಂದ್ರೆ ಲಂಡನ್ನಿನ ಕ್ಯಾಮ್ಡನ್. ಇಂಜಿನ್ ಯಾವ ವರ್ಷ ಯಾವ ಶೆಡ್ಡಿನಲ್ಲಿತ್ತು ಅನ್ನೋ ಪಟ್ಟಿ ಅಲ್ಲಿಯ ಆಸಕ್ತರು ಇಟ್ಟಿದ್ದಾರೆ, ಹೋಲಿಸಿ ನೋಡಿದ್ರೆ ವರ್ಷ ಇನ್ನೂ ಹತ್ತಿರ ಬರುತ್ತೆ. ಎರಡು ಬಫರ್ ಮೇಲೂ ಒಂದೊಂದು ದೀಪ ಇದ್ರೆ ಅದು ಎಕ್ಸ್‌ಪ್ರೆಸ್ ಪ್ಯಾಸೆಂಜರ್, ಚಿಮಣಿ ಬುಡದಲ್ಲಿ ಒಂದೇ ದೀಪ ಇದ್ರೆ ಸಾದಾ ಪ್ಯಾಸೆಂಜರ್. ಮಿಂಚಿನ ಗುರುತಿನ ಸಣ್ಣ ಎಚ್ಚರಿಕೆ ಪ್ಲೇಟು ಕಂಡ್ರೆ ಮಾತ್ರ ನನ್ನ ಲೆಕ್ಕ ಬದಲಾಗುತ್ತೆ, ಅದು ತಲೆ ಮೇಲೆ ಕರೆಂಟ್ ತಂತಿ ಬಂದಾಗ, 1960ರ ಆಸುಪಾಸಿನಿಂದ ಹಾಕಿದ್ದು.

ಈ ಇಂಜಿನ್ ಸಾಮಾನ್ಯದ್ದಲ್ಲ ಸರ್. ಶುರುವಲ್ಲಿ ಇದಕ್ಕೆ ಗಾಳಿ ಸೀಳೋ ಥರ ದುಂಡನೆ ಕವಚ ಇತ್ತು. 1939ರಲ್ಲಿ ‘ಕಾರೊನೇಷನ್’ ಅನ್ನೋ ಇನ್ನೊಂದು ಇಂಜಿನ್ನಿನ ಹೆಸರು, ನಂಬರ್ ಹಾಕ್ಕೊಂಡು ಅಮೆರಿಕಾ ಪ್ರವಾಸಕ್ಕೆ ಹೋಗಿ ಬಂತು. ಆಮೇಲೆ ಕವಚ ತೆಗೆದ್ರು. 1964ರಲ್ಲಿ ಸೇವೆ ಮುಗಿದ ಮೇಲೆ ಗುಜರಿ ಪಾಲಾಗದೆ ಮೈನ್‌ಹೆಡ್‌ನ ಬಟ್ಲಿನ್ಸ್ ರಜಾ ಕ್ಯಾಂಪಿನಲ್ಲಿ ಮಕ್ಕಳು ನೋಡೋ ವಸ್ತುವಾಗಿ ನಿಂತಿತ್ತು. ಈಗ ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಸೇರಿದೆ, 2009ರಲ್ಲಿ ಆ ದುಂಡು ಕವಚವನ್ನ ಹೊಸದಾಗಿ ಮಾಡಿ ತೊಡಿಸಿದ್ದಾರೆ. ಅಂದ್ರೆ ನಿಮ್ಮ ಮಾವ ಕಂಡ ರೂಪ ಇವತ್ತು ಅಲ್ಲಿ ಹೋದ್ರೂ ಸಿಗಲ್ಲ, ಫೋಟೋದಲ್ಲಿ ಮಾತ್ರ ಇದೆ. ದಯವಿಟ್ಟು ಅದನ್ನ ಜೋಪಾನ ಮಾಡಿ.

ಪ್ರಶ್ನೆ: ನಮ್ಮ ಅಪ್ಪ ಡಾಕ್ಟ್ರು, 1960ರ ದಶಕದ ಕೊನೆಗೆ ಇಂಗ್ಲೆಂಡಿನ ಉತ್ತರದ ಕಡೆ ಒಂದು ಆಸ್ಪತ್ರೆಯಲ್ಲಿ ಇದ್ದವರು. ರಜೆ ಸಿಕ್ಕಿದಾಗೆಲ್ಲ ರೈಲಿನ ಫೋಟೋ ತೆಗೆಯುತ್ತಿದ್ದರಂತೆ. ಒಂದು ಪೆಟ್ಟಿಗೆ ತುಂಬ ಕಲರ್ ಸ್ಲೈಡ್ ಉಂಟು, ಕೆಲವಕ್ಕೆ ಬೂಷ್ಟು ಹಿಡಿದ ಹಾಗೆ ಬಿಳಿ ಬಿಳಿ ಬಲೆ ಬಂದಿದೆ. ತೊಳೆಯಬಹುದಾ? ಎಂತ ಮಾಡುವುದು? — ಉಡುಪಿಯಿಂದ ಒಬ್ಬರು

ಮೊದಲನೇ ಮಾತು, ನೀರು ತಾಗಿಸ್ಬೇಡಿ ಮೇಡಂ, ಒದ್ದೆ ಬಟ್ಟೆಯಲ್ಲೂ ಒರೆಸ್ಬೇಡಿ. ಫಿಲ್ಮಿನ ಮೇಲಿರೋ ಪದರ ಜೆಲಟಿನ್ನು, ಬೂಷ್ಟು ಅದನ್ನೇ ತಿಂದು ಬೆಳೆಯೋದು, ಹಾಗೆ ತಿಂದ ಜಾಗ ನೀರು ತಾಗಿದ್ರೆ ಕರಗಿ ಚಿತ್ರ ಸಮೇತ ಎದ್ದು ಬರುತ್ತೆ. ಬೂಷ್ಟು ಬಂದಿರೋ ಸ್ಲೈಡುಗಳನ್ನ ಇವತ್ತೇ ಬೇರೆ ಡಬ್ಬಿಗೆ ಹಾಕಿ, ಚೆನ್ನಾಗಿರೋದ್ರ ಜೊತೆ ಇಡ್ಬೇಡಿ. ಕರಾವಳಿ ಮಳೆಗಾಲದಲ್ಲಿ ಮರದ ಕಪಾಟು ಇದಕ್ಕೆ ಶತ್ರು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದನ್ನ ಆಗಾಗ ಬದಲಾಯಿಸ್ತಾ ಇರಬೇಕು, ಮನೆಯ ಅತ್ಯಂತ ಒಣ ಕೋಣೆಯಲ್ಲಿ ನೆಲದಿಂದ ಎತ್ತರಕ್ಕೆ ಇಡಿ. ಗಾಜಿನ ಫ್ರೇಮಿನೊಳಗೆ ಸ್ಲೈಡ್ ಇದ್ರೆ ತೇವ ಒಳಗೇ ಕೂತುಬಿಡುತ್ತೆ, ಅದನ್ನ ಬಿಚ್ಚಿ ಸಾದಾ ಫ್ರೇಮಿಗೆ ಹಾಕಿಸಿ. ಧೂಳಿಗೆ ಕೈಯಲ್ಲಿ ಒತ್ತೋ ರಬ್ಬರ್ ಬ್ಲೋವರ್ ಸಾಕು, ಬಾಯಲ್ಲಿ ಊದ್ಬೇಡಿ.

ಸ್ಲೈಡಿನ ರಟ್ಟಿನ ಮೇಲೆ ಕೊಡಾಕ್ರೋಮ್ ಅಂತ ಬರೆದಿದೆಯಾ ನೋಡಿ, ಇದ್ರೆ ಅಪ್ಪ ನಿಮಗೆ ದೊಡ್ಡ ಆಸ್ತಿ ಬಿಟ್ಟಿದ್ದಾರೆ. ಬೇರೆ ಎಷ್ಟೋ ಕಲರ್ ಫಿಲ್ಮುಗಳು ಈ ಹೊತ್ತಿಗೆ ಕೆಂಪಗೆ, ನಸುಗೆಂಪಗೆ ತಿರುಗಿರುತ್ತೆ, ಕೊಡಾಕ್ರೋಮ್ ಕತ್ತಲಲ್ಲಿ ಇಟ್ಟಿದ್ರೆ ಐವತ್ತು ಅರವತ್ತು ವರ್ಷ ಆದ್ರೂ ಬಣ್ಣ ಹಾಗೇ ಇರುತ್ತೆ. ಬಣ್ಣ ಫಿಲ್ಮಿನಲ್ಲೇ ಇರ್ತಿರ್ಲಿಲ್ಲ, ತೊಳೆಯುವಾಗ ಲ್ಯಾಬಿನಲ್ಲಿ ಸೇರಿಸೋದು, ಅದಕ್ಕೇ ಅಷ್ಟು ಬಾಳಿಕೆ. ಆದ್ರೆ ಪ್ರೊಜೆಕ್ಟರ್ ಬೆಳಕಿಗೆ ಮಾತ್ರ ಅದು ಬೇಗ ಮಾಸುತ್ತೆ, ನೆಂಟರು ಬಂದಾಗೆಲ್ಲ ಗೋಡೆ ಮೇಲೆ ಬಿಡೋದು ಬೇಡ. ಒಂದ್ಸಲ ಚೆನ್ನಾಗಿ ಸ್ಕ್ಯಾನ್ ಮಾಡಿಸಿ ಆ ಸ್ಕ್ಯಾನನ್ನ ಟೀವೀಲಿ ತೋರಿಸಿ.

ಸ್ಕ್ಯಾನಿಗೆ 35 ಎಂಎಂ ಸ್ಲೈಡಿಗೆ 2400ಕ್ಕಿಂತ ಕಡಿಮೆ ಡಿಪಿಐ ಬೇಡ, 4000 ಆದ್ರೆ ತುಂಬಾ ಒಳ್ಳೇದು, ಟಿಫ್ ಫೈಲಾಗಿ ಇಟ್ಕೊಳ್ಳಿ. ಸ್ಟುಡಿಯೋದವರಿಗೆ ಒಂದು ಮಾತು ಹೇಳಿ, ಸ್ಕ್ಯಾನರಿನಲ್ಲಿ ಧೂಳು-ಗೀರು ತಾನೇ ತೆಗೆಯೋ ಇನ್‌ಫ್ರಾರೆಡ್ ಆಪ್ಷನ್ ಕೊಡಾಕ್ರೋಮಿಗೂ ಕಪ್ಪು-ಬಿಳುಪು ನೆಗೆಟಿವ್‌ಗೂ ಸರಿ ಬರಲ್ಲ, ಆಫ್ ಮಾಡಿ ಅಂತ.

ಅಪ್ಪ ಅಲ್ಲಿದ್ದ ಕಾಲ ಯಾವುದು ಅಂತ ಗಮನಿಸಿ. ಬ್ರಿಟನ್ನಿನ ಸ್ಟೀಮ್ ಇಂಜಿನ್ನುಗಳು ಕೊನೇಲಿ ಉಳಿದಿದ್ದು ಇಂಗ್ಲೆಂಡಿನ ವಾಯವ್ಯ ಭಾಗದಲ್ಲೇ. ಆ ಪೆಟ್ಟಿಗೇಲಿ ಏನಿದೆಯೋ, ಒಂದೊಂದಾಗಿ ನೋಡಿ.

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಬ್ರಿಟಿಷ್ ರೈಲಿನ ಫೋಟೋ ರಾಶಿ ರಾಶಿ ಸಿಗುತ್ತೆ, ಒಂದೊಂದು ಸಣ್ಣ ಹಳ್ಳಿ ಸ್ಟೇಷನ್ನಿಗೂ ಹತ್ತಾರು. ನಮ್ಮಲ್ಲಿ ಹಾಗಿಲ್ಲ. ಅವರಿಗೆ ಯಾಕಿಷ್ಟು ಹುಚ್ಚು? — ಶಿವಮೊಗ್ಗ

ಹುಚ್ಚು ಅಂತ ಕರೀರಿ, ಪರವಾಗಿಲ್ಲ, ಆದ್ರೆ ಅದರ ಹಿಂದೆ ಒಂದು ಸಂಕಟ ಇದೆ. ಯುದ್ಧದ ಕಾಲದಲ್ಲಿ, 1942ರಲ್ಲಿ, ಅಲ್ಲಿಯ ಸದರ್ನ್ ರೈಲ್ವೇಲಿ ಗುಮಾಸ್ತನಾಗಿದ್ದ ಇಯಾನ್ ಅಲನ್ ಅನ್ನೋ ಹುಡುಗ ಇಂಜಿನ್ ನಂಬರುಗಳ ಒಂದು ಸಣ್ಣ ಜೇಬು ಪುಸ್ತಕ ತಂದ. ಅದು ಎಷ್ಟು ಹಬ್ಬಿತು ಅಂದ್ರೆ ಐವತ್ತರ ದಶಕದಲ್ಲಿ ಶಾಲೆ ಬಿಟ್ಟ ಕೂಡ್ಲೇ ಹುಡುಗರು ಪ್ಲಾಟ್‌ಫಾರ್ಮ್ ತುದೀಲಿ ನಿಂತು ಬಂದ ಇಂಜಿನ್ನಿನ ನಂಬರಿಗೆ ಗೆರೆ ಎಳೆಯೋದು ಇಡೀ ದೇಶದ ಆಟ ಆಯ್ತು. ಅದೇ ಹುಡುಗರು ಸ್ವಲ್ಪ ದೊಡ್ಡವರಾಗಿ ಕೈಗೆ ಕ್ಯಾಮೆರಾ ಬರೋ ಹೊತ್ತಿಗೆ ಸರಿಯಾಗಿ ಅವರ ಕಣ್ಣೆದುರೇ ಎಲ್ಲಾ ಮಾಯ ಆಗೋಕೆ ಶುರು ಆಯ್ತು.

1948ರಲ್ಲಿ ಬ್ರಿಟಿಷ್ ರೈಲ್ವೇಸ್ ಹತ್ರ ಸುಮಾರು 20 ಸಾವಿರ ಸ್ಟೀಮ್ ಇಂಜಿನ್ ಇತ್ತು. 1955ರಲ್ಲಿ ಆಧುನೀಕರಣದ ಯೋಜನೆ ಬಂತು, ಡೀಸೆಲ್ಲು, ಕರೆಂಟು ತರ್ತೀವಿ ಅಂದ್ರು. ಅವರ ಕೊನೆಯ ಸ್ಟೀಮ್ ಇಂಜಿನ್ 92220 ‘ಈವ್ನಿಂಗ್ ಸ್ಟಾರ್’ ಸ್ವಿಂಡನ್ ವರ್ಕ್‌ಶಾಪಿನಿಂದ 1960ರ ಮಾರ್ಚಿನಲ್ಲಿ ಹೊರಬಂತು, ಐದೇ ವರ್ಷ, 1965ಕ್ಕೆ ಅದನ್ನೂ ನಿಲ್ಲಿಸಿದ್ರು! ನಡುವೆ 1963ರ ಮಾರ್ಚ್ 27ಕ್ಕೆ ಬ್ರಿಟಿಷ್ ರೈಲ್ವೇಸ್‌ನ ಮುಖ್ಯಸ್ಥ ಡಾಕ್ಟರ್ ಬೀಚಿಂಗ್ ಅವರ ವರದಿ ಬಂತು, 2,363 ಸ್ಟೇಷನ್ ಮುಚ್ಚಬೇಕು, ಸಾವಿರಾರು ಮೈಲಿ ಹಳಿ ಕೀಳಬೇಕು ಅಂತ. ಕೆಲವು ಊರಿನವರು ಹೋರಾಡಿ ಉಳಿಸ್ಕೊಂಡ್ರು, ಹೆಚ್ಚಿನವು ಹೋದ್ವು. ಬಾತ್‌ನಿಂದ ಬೋರ್ನ್‌ಮತ್ ಕಡೆ ಹೋಗ್ತಿದ್ದ ಸೊಮರ್ಸೆಟ್ ಅಂಡ್ ಡಾರ್ಸೆಟ್ ಅನ್ನೋ ಚಂದದ ಲೈನು 1966ರ ಮಾರ್ಚಿನಲ್ಲಿ ಮುಚ್ಚಿತು, ಇವತ್ತು ಆ ಲೈನಿನ ಒಂದೊಂದು ತಿರುವೂ ನಮಗೆ ಕಾಣ್ತಿರೋದು ಐವೊ ಪೀಟರ್ಸ್ ಥರದವರು ವರ್ಷಗಟ್ಟಲೆ ಅಲ್ಲೇ ನಿಂತು ಫೋಟೋ ತೆಗೆದಿದ್ರಿಂದ. ಎರಿಕ್ ಟ್ರೇಸಿ ಅನ್ನೋ ಪಾದ್ರಿ, ಮುಂದೆ ವೇಕ್‌ಫೀಲ್ಡಿನ ಬಿಷಪ್ ಆದವರು, ಡ್ರೈವರು ಫೈರ್‌ಮ್ಯಾನುಗಳ ಸ್ನೇಹ ಮಾಡಿ ತೆಗೆದ ಫೋಟೋಗಳು ಈಗ ಯಾರ್ಕ್ ಮ್ಯೂಸಿಯಮ್ಮಿನಲ್ಲಿವೆ. ಅವರು 1978ರಲ್ಲಿ ತೀರ್ಕೊಂಡಿದ್ದೂ ಆಪಲ್‌ಬಿ ಸ್ಟೇಷನ್ನಿನಲ್ಲಿ, ರೈಲು ನೋಡೋಕೆ ಹೋಗಿದ್ದಾಗ.

1968ರ ಆಗಸ್ಟ್ 11, ಭಾನುವಾರ. ಲಿವರ್‌ಪೂಲಿನಿಂದ ಮ್ಯಾಂಚೆಸ್ಟರ್ ಮೇಲೆ ಕಾರ್ಲೈಲಿಗೆ ಹೋಗಿ ಬರೋ ವಿಶೇಷ ರೈಲು, ಟಿಕೆಟ್ 15 ಗಿನಿ, ಆಗಿನ ಕಾಲಕ್ಕೆ ಬಹಳ ದೊಡ್ಡ ದುಡ್ಡು. ಬ್ರಿಟಿಷ್ ರೈಲ್ವೇಸ್‌ನ ಮುಖ್ಯ ಹಳಿಗಳ ಮೇಲೆ ಅದೇ ಕೊನೆಯ ಸ್ಟೀಮ್ ರೈಲು, ಮಾರನೇ ದಿನದಿಂದ ನಿಷೇಧ. ಆ ದಿನದ ಫೋಟೋಗಳನ್ನ ಹುಡುಕಿ ನೋಡಿ ಸರ್, ಹಳಿ ಪಕ್ಕದ ಬೇಲಿ, ಸೇತುವೆ, ಗುಡ್ಡ ಎಲ್ಲಾ ಕಡೆ ಜನ. ಇನ್ನು ಸಿಗಲ್ಲ ಅಂತ ಗೊತ್ತಿದ್ದಾಗ ಮನುಷ್ಯ ಹಾಗೇ ತಾನೇ ಮಾಡೋದು. ಅದು ಮುಗಿದ ಮೇಲೆ ಅದೇ ಜನ ಕ್ಯಾಮೆರಾ ಹಿಡ್ಕೊಂಡು ಟರ್ಕಿ, ದಕ್ಷಿಣ ಆಫ್ರಿಕಾ, ನಮ್ಮ ಭಾರತಕ್ಕೂ ಬಂದ್ರು, ನಮ್ಮಲ್ಲಿ ತೊಂಬತ್ತರ ದಶಕದವರೆಗೂ ಸ್ಟೀಮ್ ಓಡ್ತಿತ್ತಲ್ಲ. ನಮ್ಮ ರೈಲಿನ ಎಷ್ಟೋ ಒಳ್ಳೇ ಕಲರ್ ಫೋಟೋ ಇಂಗ್ಲೆಂಡಿನ ಮನೆಗಳಲ್ಲಿ ಇರೋದು ಹೀಗೆ.

ವೇಲ್ಸಿನ ಬ್ಯಾರಿ ಗುಜರಿ ಯಾರ್ಡಿನ ಕಥೇನೂ ಹೇಳಿಬಿಡ್ತೀನಿ. ಅದರ ಮಾಲೀಕ ಡಾಯ್ ವುಡ್‌ಹ್ಯಾಮ್ ಇಂಜಿನ್ನುಗಳನ್ನ ಕೊಂಡ್ರೂ, ಒಡೆಯೋಕೆ ಸುಲಭ ಅಂತ ಮೊದಲು ವ್ಯಾಗನ್ನುಗಳನ್ನ ಒಡೀತಾ ಹೋದ, ಇಂಜಿನ್ನು ಸಮುದ್ರದ ಗಾಳೀಲಿ ತುಕ್ಕು ಹಿಡೀತಾ ಸಾಲಾಗಿ ನಿಂತಿದ್ವು. ಆ ಸಾಲಿನ ಫೋಟೋ ನೋಡಿ ನೋಡಿ ಜನ ಸಂಘ ಕಟ್ಟಿ, ಚಂದಾ ಎತ್ತಿ, ಒಂದೊಂದಾಗಿ ಬಿಡಿಸ್ಕೊಂಡು ಹೋದ್ರು, ಒಟ್ಟು 213 ಇಂಜಿನ್ ಉಳೀತು. ಇವತ್ತು ಅಲ್ಲಿಯ ಹೆರಿಟೇಜ್ ಲೈನುಗಳಲ್ಲಿ, ಅಂದ್ರೆ ಆಸಕ್ತರು ಉಳಿಸಿ ನಡೆಸೋ ಹಳೇ ಲೈನುಗಳಲ್ಲಿ, ಓಡೋ ಎಷ್ಟೋ ಇಂಜಿನ್ ಆ ಯಾರ್ಡಿನಿಂದ ಬಂದವೇ.

ಪ್ರಶ್ನೆ: ಸರ್, ಅಮ್ಮನ ಒಂದು ಕಲರ್ ಫೋಟೋ ಕಳಿಸಿದ್ದೀನಿ. ಸೀರೆ ಮೇಲೆ ಓವರ್‌ಕೋಟ್ ಹಾಕ್ಕೊಂಡು ಒಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾರೆ, ಹಿಂದೆ 1972 ಅಂತ ಮಾತ್ರ ಇದೆ. ಸ್ಟೇಷನ್ ಬೋರ್ಡಿನ ಮೊದಲ ಭಾಗ ಅಮ್ಮನಿಂದ ಮರೆಯಾಗಿ ಕೊನೆಯ ‘ಕ್ಯಾಸ್ಟರ್’ ಮಾತ್ರ ಕಾಣ್ತಿದೆ. ಅದು ಲ್ಯಾಂಕ್ಯಾಸ್ಟರಾ, ಡಾಂಕ್ಯಾಸ್ಟರಾ? ಅಪ್ಪ ಅಮ್ಮ ಎರಡೂ ಊರಿನ ಹತ್ರ ಇದ್ದವರೇ. ಅಮ್ಮ ಈಗಿಲ್ಲ, ಅಪ್ಪನಿಗೆ ನೆನಪಾಗ್ತಿಲ್ಲ. — ಬೆಂಗಳೂರು

ನಿಮ್ಮ ಪತ್ರ ಓದಿ ಆ ಫೋಟೋವನ್ನ ದೊಡ್ಡದು ಮಾಡಿ ತುಂಬಾ ಹೊತ್ತು ನೋಡ್ದೆ ಮೇಡಂ, ಉತ್ತರ ಫೋಟೋದೊಳಗೇ ಇದೆ.

ಬೋರ್ಡಿನ ಬಣ್ಣದಿಂದ ಶುರು ಮಾಡಬಹುದಿತ್ತು. ಐವತ್ತರ ದಶಕದ ಬೋರ್ಡುಗಳು ಒಂದೊಂದು ವಲಯಕ್ಕೆ ಒಂದೊಂದು ಬಣ್ಣ: ವೆಸ್ಟರ್ನ್ ಕಂದು, ಸದರ್ನ್ ಹಸಿರು, ಲಂಡನ್ ಮಿಡ್‌ಲ್ಯಾಂಡ್ ಮರೂನ್, ಈಸ್ಟರ್ನ್ ಕಡು ನೀಲಿ, ನಾರ್ತ್ ಈಸ್ಟರ್ನ್ ಕಿತ್ತಳೆ, ಸ್ಕಾಟ್ಲೆಂಡ್ ತಿಳಿ ನೀಲಿ. ಲ್ಯಾಂಕ್ಯಾಸ್ಟರ್ ಮರೂನ್ ಆಗಬೇಕು, ಡಾಂಕ್ಯಾಸ್ಟರ್ ನೀಲಿ. ಆದ್ರೆ ನಿಮ್ಮ ಫೋಟೋದ ಬೋರ್ಡು ಬಿಳಿ ಮೇಲೆ ಕಪ್ಪಕ್ಷರ, ಅದು 1965ರ ನಂತರ ಇಡೀ ದೇಶಕ್ಕೆ ಒಂದೇ ಥರ ತಂದ ಹೊಸ ಮಾದರಿ, ಅದರಲ್ಲಿ ವಲಯ ಗೊತ್ತಾಗಲ್ಲ.

ಹಾಗಾಗಿ ಅಮ್ಮನ ಎಡಗಡೆ ನಿಂತಿರೋ ನೀಲಿ ಡೀಸೆಲ್ ಇಂಜಿನ್ ನೋಡಿ. ಮಧ್ಯದಲ್ಲಿ ಉದ್ದ ನೇಮ್‌ಪ್ಲೇಟ್, ಅದರಲ್ಲಿ ಇಂಗ್ಲಿಷಿನ ಎ, ಎಲ್, ವೈ, ಸಿ ಅಕ್ಷರ ಓದೋಕೆ ಬರುತ್ತೆ, ಉಳಿದದ್ದು ಕಂಬದ ಹಿಂದೆ. ಅದು ‘ಆಲಿಸಿಡಾನ್’. ಡೆಲ್ಟಿಕ್ ಅನ್ನೋ ಜಾತಿಯ ಇಂಜಿನ್, ಒಟ್ಟು 22 ಇದ್ವು, 3,300 ಅಶ್ವಶಕ್ತಿ, ಗಂಟೆಗೆ 100 ಮೈಲಿ ಓಡೋವು. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಡಿಪೋದ ಡೆಲ್ಟಿಕ್‌ಗಳಿಗೆ ರೇಸ್ ಕುದುರೆಗಳ ಹೆಸರಿಟ್ಟಿದ್ರು, ಉಳಿದವಕ್ಕೆ ಸೇನೆಯ ರೆಜಿಮೆಂಟುಗಳ ಹೆಸರು. ಇವು ದುಡಿದಿದ್ದು ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರಕ್ಕೆ ಹೋಗೋ ಪೂರ್ವ ಕರಾವಳಿ ಲೈನಿನಲ್ಲಿ. ಡಾಂಕ್ಯಾಸ್ಟರ್ ಆ ಲೈನಿನ ಮೇಲಿದೆ, ಲ್ಯಾಂಕ್ಯಾಸ್ಟರ್ ಇರೋದು ಪಶ್ಚಿಮದ ಲೈನಿನಲ್ಲಿ. ಹಾಗಾಗಿ ಅಮ್ಮ ನಿಂತಿರೋದು ಡಾಂಕ್ಯಾಸ್ಟರಿನಲ್ಲಿ.

ವರ್ಷವೂ ಸರಿ ಇದೆ. ಇಂಜಿನ್ ನಂಬರ್ ಬರೀ 9009 ಅಂತಿದೆ. ಮೊದಲು ಅದು ಡಿ9009, ಸ್ಟೀಮ್ ಹೋದ ಮೇಲೆ ಮುಂದಿನ ‘ಡಿ’ ಬೇಡ ಅಂತ ಬಿಟ್ರು, ಮುಂದೆ ಕಂಪ್ಯೂಟರಿಗೋಸ್ಕರ 55009 ಮಾಡಿದ್ರು. ನಡುವಿನ ಆ ನಾಲ್ಕೈದು ವರ್ಷ ಮಾತ್ರ ಬರೀ 9009. ಇನ್ನೂ ಒಂದು ಇದೆ, ಇಂಜಿನ್ನಿನ ಮೂತಿ ಮೇಲಿನ ಬಾಕ್ಸಿನಲ್ಲಿ ‘1ಎಸ್’ ಅಂತ ಶುರುವಾಗೋ ಕೋಡ್ ಕಾಣುತ್ತೆ, 1 ಅಂದ್ರೆ ಎಕ್ಸ್‌ಪ್ರೆಸ್, ಎಸ್ ಅಂದ್ರೆ ಸ್ಕಾಟ್ಲೆಂಡಿಗೆ ಹೋಗೋದು. ಅಪ್ಪನ ಹತ್ರ ‘ಡಾಂಕ್ಯಾಸ್ಟರಿನಿಂದ ಸ್ಕಾಟ್ಲೆಂಡಿಗೆ ಹೋಗಿದ್ರಾ’ ಅಂತ ಕೇಳಿ ನೋಡಿ. ಊರಿನ ಹೆಸರಿನ ಜೊತೆ ಪ್ರಯಾಣವನ್ನೂ ನೆನಪಿಸಿದ್ರೆ ಏನಾದ್ರೂ ಹೊಳೀಬಹುದು.

ಆ ಇಂಜಿನ್ ಇವತ್ತಿಗೂ ಇದೆ, ಆಸಕ್ತರ ಸಂಘದವರು ಕೊಂಡು ಉಳಿಸಿದ್ದಾರೆ. ಆದ್ರೆ ನನಗೆ ಇದರಲ್ಲಿ ಇಂಜಿನ್ನಿಗಿಂತ ದೊಡ್ಡದಾಗಿ ಕಂಡಿದ್ದು ಅಮ್ಮನೇ. ಅಲ್ಲಿಯ ರೈಲು ಆಸಕ್ತರು ಫೋಟೋ ತೆಗೆಯುವಾಗ ಜನ ಫ್ರೇಮಿನಿಂದ ಆಚೆ ಹೋಗೋವರೆಗೂ ಕಾಯ್ತಿದ್ರು. ಸಾವಿರಾರು ಡೆಲ್ಟಿಕ್ ಫೋಟೋ ಇದೆ, ಸೀರೆ ಉಟ್ಟು ಅದರ ಪಕ್ಕ ನಿಂತವರ ಫೋಟೋ ಎಷ್ಟಿರಬಹುದು ಹೇಳಿ. ಆ ಕಾಲದ ಬ್ರಿಟಿಷ್ ರೈಲನ್ನ ನಡೆಸಿದವರಲ್ಲಿ, ಅದರಲ್ಲಿ ಓಡಾಡಿದವರಲ್ಲಿ ಕೆರಿಬಿಯನ್ನಿನವರು, ಭಾರತ ಪಾಕಿಸ್ತಾನದವರು ಎಷ್ಟೊಂದು ಜನ ಇದ್ರು, ಆದ್ರೂ ಸಂಗ್ರಹಗಳಲ್ಲಿ ಅವರ ಮುಖ ಅಪರೂಪ. ಡೊಮಿನಿಕಾ ದ್ವೀಪದಿಂದ ಬಂದಿದ್ದ ಗಾರ್ಡ್ ಆಸ್ಕ್ವಿತ್ ಕ್ಸೇವಿಯರ್ ಅವರಿಗೆ 1966ರಲ್ಲಿ ಚರ್ಮದ ಬಣ್ಣದ ಕಾರಣಕ್ಕೆ ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಲ್ಲಿ ಕೆಲಸ ಕೊಡಲ್ಲ ಅಂದಿದ್ರು, ದೊಡ್ಡ ಗಲಾಟೆ ಆಗಿ ಆ ತಡೆ ಬಿದ್ದು ಅದೇ ವರ್ಷ ಆಗಸ್ಟ್ 15ಕ್ಕೆ ಅವರು ಅಲ್ಲಿ ಡ್ಯೂಟಿ ಶುರು ಮಾಡಿದ್ರು. ಅದಾಗಿ ಆರು ವರ್ಷಕ್ಕೆ ತೆಗೆದ ಫೋಟೋ ನಿಮ್ಮದು. ಇದನ್ನ ಹಂಚುವಾಗ ಇಂಜಿನ್ ಚೆನ್ನಾಗಿ ಕಾಣ್ಲಿ ಅಂತ ಯಾರಾದ್ರೂ ಅಮ್ಮನನ್ನ ಕ್ರಾಪ್ ಮಾಡೋಕೆ ಹೇಳಿದ್ರೆ ಒಪ್ಕೋಬೇಡಿ.

ಪ್ರಶ್ನೆ: ಬ್ಲ್ಯಾಕ್ ಅಂಡ್ ವೈಟ್ ರೈಲು ಫೋಟೋಗಳನ್ನ ಎಐ ಆಪ್‌ನಲ್ಲಿ ಕಲರ್ ಮಾಡಿ ನನ್ನ ಪೇಜ್‌ನಲ್ಲಿ ಹಾಕ್ತೀನಿ, ಒಳ್ಳೇ ರೆಸ್ಪಾನ್ಸ್ ಬರ್ತಿದೆ. ಒಬ್ಬರು ಮಾತ್ರ ಬೈದಿದ್ದಾರೆ. ಇದರಲ್ಲಿ ತಪ್ಪೇನು? — ಮೈಸೂರು, ಇಂಜಿನಿಯರಿಂಗ್ ವಿದ್ಯಾರ್ಥಿ

ನಿಮ್ಮ ಉತ್ಸಾಹ ಒಳ್ಳೇದೇ ಕಣ್ರೀ, ಆದ್ರೆ ಬೈದವರ ಮಾತಲ್ಲಿ ಸತ್ವ ಇದೆ. ಮೇಲೆ ಹುಬ್ಬಳ್ಳಿಯವರು ಕೇಳಿದ್ರಲ್ಲ, ಅದೇ ಡಚೆಸ್ ಜಾತಿಯ ಇಂಜಿನ್ನುಗಳು ಬ್ರಿಟಿಷ್ ರೈಲ್ವೇಸ್ ಕಾಲದಲ್ಲೇ ನೀಲಿ ಇದ್ವು, ಹಸಿರಾದ್ವು, 1957ರ ನಂತರ ಕೆಲವು ಮರೂನ್ ಆದ್ವು. ರೈಲಿನ ಡಬ್ಬಿಗಳು 1949ರಿಂದ ಕೆಂಪು-ಕೆನೆ, 1956ರಿಂದ ಮರೂನ್, 1965ರ ನಂತರ ನೀಲಿ-ಬೂದು. ಕಪ್ಪು-ಬಿಳುಪಿನಲ್ಲಿ ಇವೆಲ್ಲ ಬೂದು ಛಾಯೆಯೇ. ಹಳೇ ಆರ್ಥೊಕ್ರೋಮ್ಯಾಟಿಕ್ ಫಿಲ್ಮು ಕೆಂಪನ್ನ ಕಪ್ಪಾಗಿ ತೋರಿಸ್ತಿತ್ತು, ಅದು ಇನ್ನೊಂದು ತೊಡಕು. ಆಪ್ ಒಂದು ಊಹೆ ಮಾಡಿ ಬಣ್ಣ ಬಳಿಯುತ್ತೆ, ನೋಡಿದವರು ಅದನ್ನ ನಿಜ ಅಂತ ನಂಬಿ ಮುಂದೆ ಕಳಿಸ್ತಾರೆ, ನಾಳೆ ಇನ್ಯಾರೋ ಅದನ್ನೇ ಸಾಕ್ಷಿ ಮಾಡ್ಕೊತಾರೆ. ಬಣ್ಣಕ್ಕಿಂತ ಅಪಾಯ ಆ ‘ಶಾರ್ಪ್’ ಮಾಡೋದು. ಮಸುಕಾದ ನಂಬರನ್ನ ಆಪ್ ತನಗೆ ತೋಚಿದ ಅಂಕಿ ಮಾಡುತ್ತೆ, 3 ಇದ್ದದ್ದು 8 ಆಗಿ ಕೂತಿರುತ್ತೆ, ಆಗ ಇಂಜಿನ್ನೇ ಬೇರೆ, ಊರೇ ಬೇರೆ.

ಕಲರ್ ಮಾಡಲೇಬೇಕು ಅಂದ್ರೆ ಆ ವರ್ಷ ಆ ಇಂಜಿನ್ನಿನ ಬಣ್ಣ ಏನಿತ್ತು ಅಂತ ಹುಡುಕಿ ನೀವೇ ಕೈಯಾರೆ ಮಾಡಿ, ಮೂಲ ಫೋಟೋವನ್ನ ಜೊತೇಲೇ ಹಾಕಿ, ‘ಬಣ್ಣ ನಾನು ಸೇರಿಸಿದ್ದು’ ಅಂತ ಫೋಟೋ ಮೇಲೇ ಬರೀರಿ, ಕೆಳಗಿನ ಬರಹ ಯಾರೂ ಮುಂದೆ ಕಳಿಸಲ್ಲ.

ಪ್ರಶ್ನೆ: ನಾವು ಲಂಡನ್ ಹತ್ರ ಇರೋ ಕನ್ನಡಿಗರು. ಭಾನುವಾರದ ಹಳೇ ಸಾಮಾನಿನ ಮಾರ್ಕೆಟ್ಟಿನಲ್ಲಿ ಒಂದು ಬಿಸ್ಕೆಟ್ ಡಬ್ಬಿ ತುಂಬ ರೈಲಿನ ನೆಗೆಟಿವ್ ಸಿಕ್ತು, ಕೊಂಡ್ವಿ. ದುಡ್ಡು ಕೊಟ್ಟು ತಗೊಂಡಿರೋದ್ರಿಂದ ನಾವು ಪಬ್ಲಿಷ್ ಮಾಡಬಹುದಲ್ವಾ?

ನೆಗೆಟಿವ್ ನಿಮ್ಮದು, ಕಾಪಿರೈಟ್ ನಿಮ್ಮದಲ್ಲ. ಬ್ರಿಟನ್ನಿನ ಈಗಿನ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಫೋಟೋ ತೆಗೆದವರು ಬದುಕಿರೋವರೆಗೂ ಹಕ್ಕು ಅವರದು, ಅವರು ತೀರಿದ ಮೇಲೆ 70 ವರ್ಷ ವಾರಸುದಾರರದು. ನಮ್ಮ ದೇಶದಲ್ಲಿ 2012ರ ತಿದ್ದುಪಡಿ ಆದ ಮೇಲೆ ತೆಗೆದವರ ಆಯುಷ್ಯ ಮತ್ತು 60 ವರ್ಷ. ಡಬ್ಬಿಯ ಮುಚ್ಚಳದೊಳಗೆ, ನೆಗೆಟಿವ್ ಕವರಿನ ಮೇಲೆ ಹೆಸರು, ರಬ್ಬರ್ ಸ್ಟ್ಯಾಂಪ್ ಏನಾದ್ರೂ ಇದೆಯಾ ಹುಡುಕಿ, ಅಲ್ಲಿಯ ರೈಲ್ವೆ ಸಂಘಗಳಲ್ಲಿ ವಿಚಾರಿಸಿ. ಎಷ್ಟು ಹುಡುಕಿದ್ರೂ ಯಾರು ಅಂತ ಗೊತ್ತಾಗದಿದ್ರೆ ಅಂಥ ಅನಾಥ ಕೃತಿಗಳಿಗೆ ಲೈಸೆನ್ಸ್ ಕೊಡೋ ವ್ಯವಸ್ಥೆ 2014ರಿಂದ ಅಲ್ಲಿಯ ಇಂಟೆಲೆಕ್ಚುವಲ್ ಪ್ರಾಪರ್ಟಿ ಆಫೀಸಿನಲ್ಲಿದೆ.

ಇನ್ನೊಂದು, ಡಬ್ಬಿ ತೆರೆದಾಗ ವಿನೆಗರ್ ಥರ ಹುಳಿ ವಾಸನೆ ಬಂದ್ರೆ ಅಸಿಟೇಟ್ ಫಿಲ್ಮ್ ಕೊಳೀತಿದೆ ಅಂತ ಅರ್ಥ, ಅಂಥದ್ದನ್ನ ಬೇರೆ ಇಟ್ಟು ಮೊದಲು ಅವನ್ನೇ ಸ್ಕ್ಯಾನ್ ಮಾಡಿ. ಬಿಸ್ಕೆಟ್ ಡಬ್ಬಿಯಿಂದ ತೆಗೆದು ಆಮ್ಲ ಇಲ್ಲದ ಕಾಗದದ ಕವರಿಗೆ ಹಾಕಿ.

ಪ್ರಶ್ನೆ: ನಮ್ಮ ತಾತನ ಆಲ್ಬಮ್ಮಿನ ಒಂದೇ ಒಂದು ರೈಲೂ ಓಡ್ತಿಲ್ಲ, ಎಲ್ಲಾ ನಿಂತಿರೋವೇ. ಯಾಕೆ? — ತುಮಕೂರು

ಬಾಕ್ಸ್ ಕ್ಯಾಮೆರಾ ಇದ್ದಿರಬೇಕು. ಅದರ ಶಟರ್ ಸೆಕೆಂಡಿನ ಸುಮಾರು ಐವತ್ತನೇ ಒಂದು ಭಾಗ ತೆರೆದಿರೋದು. ಗಂಟೆಗೆ 60 ಮೈಲಿ ಓಡೋ ರೈಲು ಅಷ್ಟರಲ್ಲಿ ಅರ್ಧ ಮೀಟರಿಗಿಂತ ಜಾಸ್ತಿ ಮುಂದೆ ಹೋಗಿಬಿಡುತ್ತೆ, ಫೋಟೋ ಪೂರ್ತಿ ಅಲುಗಿರುತ್ತೆ. 500ನೇ ಒಂದು ಭಾಗದ ಶಟರ್ ಇರೋ ಕ್ಯಾಮೆರಾ ದುಡ್ಡಿದ್ದವರದು. ರೋಲಿನಲ್ಲಿ 8 ಇಲ್ಲ 12 ಫೋಟೋ ಮಾತ್ರ ಬರ್ತಿತ್ತು, ತಾತ ಒಂದನ್ನೂ ಹಾಳು ಮಾಡೋಕೆ ತಯಾರಿರಲಿಲ್ಲ ಅನ್ಸುತ್ತೆ.

ಪ್ರಶ್ನೆ: ನಮ್ಮ ಮನೇಲಿ ಇವನ್ನ ನೋಡೋರು ಯಾರೂ ಇಲ್ಲ. ಯಾರಿಗೆ ಕೊಡಬಹುದು? ಕೊಡೋ ಮುಂಚೆ ಏನು ಮಾಡ್ಬೇಕು? — ಧಾರವಾಡ

ನೇರವಾಗಿ ಪಾರ್ಸಲ್ ಮಾಡ್ಬೇಡಿ, ಮೊದಲು ಇಮೇಲಿನಲ್ಲಿ ನಾಲ್ಕೈದು ಸ್ಕ್ಯಾನ್ ಕಳಿಸಿ ಬೇಕಾ ಅಂತ ಕೇಳಿ. ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂ ದೊಡ್ಡದು, ಅವರ ಹತ್ರ ಆಗ್ಲೇ ಬೇಕಾದಷ್ಟಿದೆ, ಎಲ್ಲವನ್ನೂ ತಗೊಳ್ಳಲ್ಲ. ಫೋಟೋ ಯಾವ ಊರಿನದೋ ಆ ಕೌಂಟಿಯ ರೆಕಾರ್ಡ್ ಆಫೀಸು, ಅಥವಾ ಆ ಲೈನನ್ನ ಈಗ ನಡೆಸ್ತಿರೋ ಹೆರಿಟೇಜ್ ರೈಲ್ವೆಯವರು ಇನ್ನೂ ಅಕ್ಕರೆಯಿಂದ ತಗೋತಾರೆ, ಅವರಿಗೆ ಒಂದು ಸಿಗ್ನಲ್ ಕಂಬ ಎಲ್ಲಿತ್ತು ಅನ್ನೋದೂ ಮುಖ್ಯ.

ಕೊಡೋ ಮುಂಚೆ ಫೋಟೋ ಹಿಂಭಾಗದಲ್ಲಿ ಮೆತ್ತಗಿನ ಪೆನ್ಸಿಲ್ಲಿನಲ್ಲಿ, ಒತ್ತದೆ, ಅಂಚಿನ ಹತ್ರ ಬರೀರಿ. ಬಾಲ್‌ಪೆನ್ನು ಬೇಡ, ಅಂಟೋ ಲೇಬಲ್ಲು ಬೇಡ. ಯಾರು ತೆಗೆದದ್ದು, ಎಲ್ಲಿ, ಯಾವಾಗ, ಯಾರಿದ್ದಾರೆ. ಖಚಿತ ಇಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಮೊದಲೇ ಬರೆದಿದ್ದು ತಪ್ಪು ಅನ್ಸಿದ್ರೂ ಅಳಿಸ್ಬೇಡಿ, ಕೆಳಗೆ ನಿಮ್ಮದನ್ನ ಬೇರೆ ಸಾಲಾಗಿ ಬರೀರಿ. ಕನ್ನಡದಲ್ಲಿ ಬರೆದಿದ್ದನ್ನ ಹಾಗೇ ಬಿಡಿ, ‘ನಮ್ಮ ರೂಮಿನ ಹತ್ರದ ಸ್ಟೇಷನ್ನು, ಹಿಮ ಬಿದ್ದ ಮಾರನೇ ದಿನ’ ಅಂತ ಇದ್ರೆ ಅದನ್ನ ಇಂಗ್ಲಿಷಿಗೆ ಮಾಡಿ ಬೇರೆ ಹಾಳೇಲಿ ಕೊಡಿ. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ, ಮುಂಭಾಗದ ಫೈಲಿಗೂ ಅದಕ್ಕೂ ಒಂದೇ ನಂಬರ್ ಕೊಡಿ. ಪ್ಲಾಸ್ಟಿಕ್ ಹಾಳೆ ಅಂಟೋ ಥರದ ಆಲ್ಬಮ್ಮಿನಲ್ಲಿ ಫೋಟೋ ಸಿಕ್ಕಿಕೊಂಡಿದ್ರೆ ಎಳೀಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ ಪುಟದ ಸಮೇತವೇ ಕೊಡಿ, ಬಿಡಿಸೋದನ್ನ ಅಲ್ಲಿಯವರು ನೋಡ್ಕೊತಾರೆ.